ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸುವ ಬೆಕ್ಕು, ಏನಾದ್ರೂ ದಾರಿ ಇದೆಯಾ?

ಹಂಚಿನಮನೆ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ನಮ್ಮನೆಯಲ್ಲಿ ಎರಡು ಬೆಕ್ಕುಗಳಿವೆ. ಕರಿಯ, ಗಂಡು, ನಾಲ್ಕು ವರ್ಷ. ಚಿನ್ನಿ ಅವನ ತಂಗಿ. ಎರಡಕ್ಕೂ ಆಪರೇಷನ್ ಆಗಿದೆ. ಚಿನ್ನಿಯಿಂದ ಏನೂ ತೊಂದರೆ ಇಲ್ಲ. ಕರಿಯನದ್ದೇ ತಲೆನೋವು.

ಬೆಳಗಿನ ಜಾವ ನಾಲ್ಕು, ನಾಲ್ಕೂಕಾಲಿಗೆ ಶುರು. ಮೊದಲು ಬಂದು ಎದೆ ಮೇಲೆ ಕೂರುತ್ತಾನೆ. ಕಣ್ಣು ಬಿಡದಿದ್ದರೆ ಪಂಜದಿಂದ ಕೆನ್ನೆ ತಟ್ಟುತ್ತಾನೆ, ಉಗುರು ಒಳಗಿಟ್ಟುಕೊಂಡೇ. ಅದಕ್ಕೂ ಏಳದಿದ್ದರೆ ಪಕ್ಕದ ಮೇಜು ಹತ್ತಿ ಒಂದೊಂದೇ ಸಾಮಾನು ಕೆಳಗೆ ತಳ್ಳುತ್ತಾನೆ. ಮೊದಲು ವಿಕ್ಸ್ ಡಬ್ಬಿ. ಆಮೇಲೆ ಟಾರ್ಚು. ಕೊನೆಗೆ ನನ್ನ ಕನ್ನಡಕ. ಕನ್ನಡಕಕ್ಕೆ ಕೈ ಹಾಕಿದರೆ ನಾನು ಏಳುತ್ತೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಬೈದು ನೋಡಿದೆ. ನೀರು ಚಿಮುಕಿಸಿ ನೋಡಿದೆ. ಹೋಗುತ್ತಾನೆ, ಹತ್ತು ನಿಮಿಷಕ್ಕೆ ಮತ್ತೆ ಹಾಜರು. ಕೋಣೆ ಬಾಗಿಲು ಹಾಕಿದರೆ ಕೆರೆಯೋದು. ಅಜ್ಜನ ಕಾಲದ ಬೀಟೆ ಬಾಗಿಲು, ಕೆಳಗೆಲ್ಲ ಗೀರು ಬಿದ್ದಿದೆ. ಮಳೆ ಹಿಡಿದ ಮೇಲೆ ಇನ್ನೂ ಜಾಸ್ತಿ ಆಗಿದೆ. ಹಗಲೆಲ್ಲ ಬಚ್ಚಲೊಲೆ ಪಕ್ಕ ಬೂದಿ ಬಿಸಿಗೆ ಮಲಗಿರುತ್ತಾನೆ, ನಾನು ಮಲಗಿದ ಮೇಲೆ ಅವನಿಗೆ ಬೆಳಗಾಗುತ್ತೆ. ಕಾಫಿ ಕೊಯ್ಲಿನ ಟೈಮಾದ್ರೆ ಹೇಗೂ ಬೇಗ ಏಳಬೇಕು. ಈ ಮಳೆಯಲ್ಲಿ ನಾಲ್ಕಕ್ಕೆ ಎದ್ದು ನಾನೇನು ಮಾಡಲಿ?

ರೊಬಸ್ಟಾ (ಸಿದ್ದಾಪುರ)

ಅಣ್ಣಾ, ಇದಕ್ಕೆಲ್ಲ ಯಾಕೆ ಇಷ್ಟು ಯೋಚನೆ? ರಾತ್ರಿ ಹೊರಗೆ ಬಿಟ್ಟು ಬಾಗಿಲು ಹಾಕಿ. ನಮ್ಮ ಬೆಕ್ಕು ಇರೋದೇ ಕಾಫಿ ಗೋಡೌನ್‌ನಲ್ಲಿ. ಯಾರನ್ನೂ ಎಬ್ಬಿಸೋದಿಲ್ಲ. ಊಟ ಸ್ವಲ್ಪ ಕಮ್ಮಿ ಹಾಕಿದರೆ ಇಲಿಯನ್ನೂ ಹಿಡಿಯುತ್ತೆ.

ನೈಟ್‌ಶಿಫ್ಟ್ (ಮಡಿಕೇರಿ)

ಅಭ್ಯಾಸ ಇಲ್ಲದ ಬೆಕ್ಕನ್ನು ಈ ಮಳೆಗೆ ಹೊರಗೆ ಹಾಕೋದು ಬೇಡ ಅಣ್ಣ. ತೋಟದ ಕಡೆ ಚಿರತೆ ಓಡಾಡುತ್ತೆ, ನಾಯಿಗಳೂ ಬಿಡೋದಿಲ್ಲ. ಗೋಡೌನ್‌ನಲ್ಲೇ ಹುಟ್ಟಿ ಬೆಳೆದ ಬೆಕ್ಕಿಗೂ ಮನೆಯೊಳಗೆ ಹಾಸಿಗೆಯಲ್ಲಿ ಮಲಗಿದ ಬೆಕ್ಕಿಗೂ ವ್ಯತ್ಯಾಸ ಇದೆ.

ಒಂದು ಪ್ರಶ್ನೆ. ನೀವು ಎದ್ದ ತಕ್ಷಣ ಮೊದಲು ಮಾಡೋ ಕೆಲಸ ಏನು?

ಹಂಚಿನಮನೆ

ಕಾಫಿಗೆ ನೀರಿಡೋದು. ನೀರು ಕುದಿಯೋದರೊಳಗೆ ಕರಿಯನ ತಟ್ಟೆಗೆ ಏನಾದ್ರೂ ಹಾಕಲೇಬೇಕು, ಇಲ್ಲಾಂದ್ರೆ ಕಾಲಿಗೆ ಸಿಕ್ಕಿಹಾಕಿಕೊಂಡು ನಡೆಯೋಕೆ ಬಿಡೋದಿಲ್ಲ.

ನೈಟ್‌ಶಿಫ್ಟ್

ಅಲ್ಲೇ ಇದೆ ನೋಡಿ. ನೀವು ಎದ್ದರೆ ತಟ್ಟೆ ತುಂಬುತ್ತೆ. ತಟ್ಟೆ ತುಂಬಬೇಕಾದ್ರೆ ನೀವು ಏಳಬೇಕು. ಅವನ ಲೆಕ್ಕ ಸರಿಯಾಗೇ ಇದೆ!

ಪಶುವೈದ್ಯ_ಬಿಡುವಿನಲ್ಲಿ (ಪೊನ್ನಂಪೇಟೆ)

ಅವರು ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಬೆಕ್ಕು ಪೂರ್ತಿ ಹಗಲಿನ ಪ್ರಾಣಿಯೂ ಅಲ್ಲ, ಪೂರ್ತಿ ರಾತ್ರಿಯದ್ದೂ ಅಲ್ಲ. ಮುಂಜಾವು, ಮುಸ್ಸಂಜೆ, ಈ ಎರಡು ಹೊತ್ತಲ್ಲಿ ಅದಕ್ಕೆ ಹುರುಪು ಜಾಸ್ತಿ. ಇಲಿ, ಹಕ್ಕಿ ಓಡಾಡುವ ಹೊತ್ತೂ ಅದೇ. ನಮಗೆ ಕಾಣಲು ಬೇಕಾದ ಬೆಳಕಿನಲ್ಲಿ ಆರರಲ್ಲಿ ಒಂದು ಪಾಲು ಇದ್ದರೂ ಬೆಕ್ಕಿಗೆ ಸಾಕು. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುತ್ತೆ, ಆದರೆ ತುಂಡು ತುಂಡಾಗಿ. ಹಾಗಾಗಿ ಕರಿಯ ನಾಲ್ಕಕ್ಕೆ ಏಳುವುದನ್ನು ತಪ್ಪಿಸೋದು ಕಷ್ಟ. ಅವನು ಎದ್ದಾಗ ನಿಮ್ಮನ್ನು ಎಬ್ಬಿಸಬಾರದು, ನಾವು ಕಲಿಸಬೇಕಾದ್ದು ಅಷ್ಟೇ.

ಮೊದಲ ಕೆಲಸ: ಎದ್ದ ತಕ್ಷಣ ಊಟ ಹಾಕೋದನ್ನು ನಿಲ್ಲಿಸಿ. ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬೇಕಾದ್ರೆ ಸ್ನಾನವನ್ನೂ ಮುಗಿಸಿ ಆಮೇಲೆ ಹಾಕಿ. ಏಳೋದಕ್ಕೂ ತಟ್ಟೆಗೂ ನಡುವೆ ಕಡಿಮೆ ಅಂದ್ರೂ ಅರ್ಧ ಗಂಟೆ ಇರಲಿ. ಕಾಲಿಗೆ ಸಿಕ್ಕಿಕೊಂಡರೆ ಮಾತಾಡಿಸದೆ ದಾಟಿ ಹೋಗಿ.

ಎರಡನೆಯದು ಇನ್ನೂ ಕಷ್ಟ. ನಾಲ್ಕಕ್ಕೆ ಅವನು ಏನೇ ಮಾಡಲಿ, ನೀವು ಸುಮ್ನೆ ಮಲಗಿರಬೇಕು. ಬೈಯಬಾರದು. ಹೆಸರು ಹಿಡಿದು ಕರೆಯಬಾರದು. ಎತ್ತಿ ಕೆಳಗಿಡೋದೂ ಬೇಡ. ಬೈದರೂ ಅವನ ಮಟ್ಟಿಗೆ ನೀವು ಎದ್ದ ಹಾಗೆಯೇ. ನೀರು ಚಿಮುಕಿಸೋದನ್ನು ಇವತ್ತೇ ಬಿಡಿ. ಅದರಿಂದ ಹೆದರಿಕೆ ಬೆಳೆಯುತ್ತೆ, ಅಭ್ಯಾಸ ಹೋಗೋದಿಲ್ಲ. ಕನ್ನಡಕ, ಟಾರ್ಚು ಎಲ್ಲ ಡ್ರಾಯರ್ ಒಳಗೆ ಹೋಗಲಿ. ಮೇಜು ಖಾಲಿ ಇರಲಿ.

ಇಲ್ಲಿ ತುಂಬಾ ಜನ ಸೋಲುತ್ತಾರೆ. ಮೊದಲ ದಿನಗಳಲ್ಲಿ ಗಲಾಟೆ ಕಮ್ಮಿ ಆಗೋದಿಲ್ಲ, ಜಾಸ್ತಿ ಆಗುತ್ತೆ. ಇಷ್ಟು ದಿನ ನಡೆದ ಉಪಾಯ ಇವತ್ತು ಯಾಕೆ ನಡೀತಿಲ್ಲ ಅಂತ ಅವನು ಇನ್ನೂ ಜೋರಾಗಿ ಮಾಡಿ ನೋಡುತ್ತಾನೆ. ಆ ಹೊತ್ತಲ್ಲಿ ಸೋತು ಎದ್ದುಬಿಟ್ಟರೆ, ಇಷ್ಟು ಹೊತ್ತು ಕೂಗಿದರೆ ಕೆಲಸ ಆಗುತ್ತೆ ಅಂತ ನಾವೇ ಪಾಠ ಹೇಳಿಕೊಟ್ಟ ಹಾಗೆ. ದಿನಾ ಎದ್ದು ಹಾಕೋದಕ್ಕಿಂತ ಅಪರೂಪಕ್ಕೊಮ್ಮೆ ಎದ್ದು ಹಾಕೋದು ಇನ್ನೂ ಕೆಟ್ಟದ್ದು. ಇವತ್ತು ಸಿಗಬಹುದು ಅನ್ನೋ ಆಸೆ ಬೇಗ ಸಾಯೋದಿಲ್ಲ.

ಇನ್ನು ರಾತ್ರಿ ಊಟ. ಎಷ್ಟು ಗಂಟೆಗೆ, ಏನು ಹಾಕ್ತೀರಿ?

ಹಂಚಿನಮನೆ

ಧನ್ಯವಾದ ಡಾಕ್ಟ್ರೇ. ಸಂಜೆ ಏಳಕ್ಕೆ ನಮ್ಮ ಊಟದ ಜೊತೆಗೇ ಹಾಕೋದು. ಅನ್ನಕ್ಕೆ ಮತ್ತಿ ಮೀನಿನ ಸಾರು ಕಲಸಿ. ಮೀನಿಲ್ಲದ ದಿನ ಹಾಲು ಅನ್ನ.

ಪಶುವೈದ್ಯ_ಬಿಡುವಿನಲ್ಲಿ

ಎರಡು ಮೂರು ವಿಷಯ ಇದೆ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತೆ ಅಲ್ವಾ? ಅವೆರಡೂ ಬೆಕ್ಕಿಗೆ ವಿಷ, ಕೆಂಪು ರಕ್ತಕಣ ಹಾಳು ಮಾಡುತ್ತವೆ. ಮಸಾಲೆ ಹಾಕೋ ಮೊದಲೇ ಅವನ ಪಾಲಿನ ಮೀನು ತೆಗೆದು ಬರೀ ನೀರಲ್ಲಿ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ಹಸಿ ಮೀನು ದಿನಾ ಬೇಡ. ಹಾಲು ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅರಗೋದಿಲ್ಲ, ಭೇದಿ ಆಗುತ್ತೆ.

ಬೆಕ್ಕು ಮಾಂಸವನ್ನೇ ನಂಬಿ ಬದುಕೋ ಪ್ರಾಣಿ. ಟೌರಿನ್ ಅನ್ನೋ ಒಂದು ಅಂಶ ಅದಕ್ಕೆ ಊಟದಿಂದಲೇ ಸಿಗಬೇಕು, ಮಾಂಸ ಮೀನಿನಲ್ಲೇ ಅದು ಹೆಚ್ಚಾಗಿ ಇರೋದು. ಅದು ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತೆ. ಅನ್ನ ಜಾಸ್ತಿ, ಮೀನು ಚೂರು ಅಂತ ಹಾಕಿದರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತೆ ಅಷ್ಟೇ. ದಿನದ ಒಂದು ಹೊತ್ತಾದರೂ ಬೆಕ್ಕಿಗೆಂದೇ ತಯಾರಾದ ಆಹಾರ ಕೊಡಿ.

ಏಳರ ಬದಲು ಮಲಗೋ ಮುಂಚೆ, ಹತ್ತಕ್ಕೋ ಹತ್ತೂವರೆಗೋ ಹಾಕಿ. ಒಟ್ಟು ಪ್ರಮಾಣ ಹೆಚ್ಚಿಸಬೇಡಿ. ಅದನ್ನೇ ಒಡೆದು ಸಂಜೆ ಸ್ವಲ್ಪ, ರಾತ್ರಿ ಜಾಸ್ತಿ ಮಾಡಿ.

ರೊಬಸ್ಟಾ

ಹೊಟ್ಟೆ ತುಂಬಿಸಿದರೆ ಇಲಿ ಯಾರು ಹಿಡೀತಾರೆ ಡಾಕ್ಟ್ರೇ? ಮಳೆಗಾಲದಲ್ಲಿ ಮನೆ ತುಂಬಾ ಇಲಿ.

ಪಶುವೈದ್ಯ_ಬಿಡುವಿನಲ್ಲಿ

ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಆಡುತ್ತೆ ಸರ್. ಹಿಡಿದದ್ದನ್ನು ತಿನ್ನದೆ ನಿಮ್ಮ ಚಪ್ಪಲಿ ಪಕ್ಕ ತಂದಿಡೋದು ಅದಕ್ಕೇ. ಉಪವಾಸ ಕೆಡವೋದು ಅಪಾಯ. ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಬರಬಹುದು.

ಹೋಂಸ್ಟೇ_ಅಮ್ಮಣ್ಣಿ (ಭಾಗಮಂಡಲ)

ನಿಮ್ಮದು ನಿಮ್ಮನ್ನಾದ್ರೂ ಎಬ್ಬಿಸುತ್ತೆ. ನಮ್ಮದು ಗೆಸ್ಟುಗಳ ಬಾಗಿಲು ಕೆರೆಯುತ್ತೆ! ರಜಾ ಹಾಕಿ ದುಡ್ಡು ಕೊಟ್ಟು ಮಲಗೋಕೆ ಬಂದವರನ್ನು ಐದಕ್ಕೆ ಎಬ್ಬಿಸಿದರೆ ಹೇಗೆ? ಒಬ್ಬರು ರಿವ್ಯೂನಲ್ಲಿ "ರೂಮ್ ಚೆನ್ನಾಗಿದೆ, ಅಲಾರಂ ಫ್ರೀ" ಅಂತ ಬರೆದು ಹೋದರು.

ನಮಗೆ ಕೆಲಸ ಕೊಟ್ಟಿದ್ದು ಆಟ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಕಡ್ಡಿಗೆ ದಾರ ಕಟ್ಟಿ, ತುದಿಗೆ ಕೋಳಿ ಗರಿ ಸಿಕ್ಕಿಸಿ ಓಡಿಸುತ್ತೇನೆ. ಸುಮ್ನೆ ಮುಖದ ಮುಂದೆ ಅಲ್ಲಾಡಿಸಿದರೆ ನೋಡೋದೂ ಇಲ್ಲ. ಗರಿಯನ್ನು ಕುರ್ಚಿ ಹಿಂದೆ ಎಳೆದು, ನಿಲ್ಲಿಸಿ, ಸ್ವಲ್ಪ ಮಾತ್ರ ತುದಿ ಕಾಣೋ ಹಾಗೆ ಬಿಡಬೇಕು. ಆಗ ಹಿಂದಿನ ಭಾಗ ಅಲ್ಲಾಡಿಸುತ್ತಾ ಹೊಂಚು ಹಾಕಿ ಹಾರುತ್ತೆ. ಕೊನೆಗೊಮ್ಮೆ ಹಿಡಿಯೋಕೆ ಬಿಡಬೇಕು, ಆಗಲೇ ಅದಕ್ಕೆ ಸಮಾಧಾನ. ತಕ್ಷಣ ಊಟ. ತಿಂದು, ಮೈ ನೆಕ್ಕಿಕೊಂಡು, ಮಲಗುತ್ತೆ. ಈಗ ಗೆಸ್ಟುಗಳ ಕಡೆ ಹೋಗೋದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ.

ಪಶುವೈದ್ಯ_ಬಿಡುವಿನಲ್ಲಿ

ಬೇಟೆ, ಊಟ, ಮೈ ನೆಕ್ಕೋದು, ನಿದ್ದೆ. ಬೆಕ್ಕಿನ ದಿನಚರಿಯ ಕ್ರಮವೇ ಅದು ಅಮ್ಮಣ್ಣಿ, ಸರಿಯಾಗಿ ಹಿಡಿದಿದ್ದೀರಿ. ಆಟ ಮುಗಿದ ಮೇಲೆ ದಾರ ಎತ್ತಿ ಒಳಗಿಡಿ. ನುಂಗಿದರೆ ಕರುಳು ಸುರುಟಿಕೊಂಡು ಆಪರೇಷನ್‌ವರೆಗೆ ಹೋಗುತ್ತೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ತನ್ನಿ.

ಗೋಣಿಕೊಪ್ಪ_ಮೇಷ್ಟ್ರು

ಟೈಮರ್ ಇರೋ ಫೀಡರ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮನೆಯಲ್ಲಿ ಐದೂವರೆಗೆ ಇಟ್ಟಿದ್ದೇನೆ. ಡಬ್ಬಿಯಿಂದ ಬೆಕ್ಕಿನ ಒಣ ಆಹಾರದ ಕಾಳು ಬೀಳುತ್ತೆ. ಈಗ ಅವಳು ನನ್ನನ್ನು ಕೇಳೋದೇ ಇಲ್ಲ, ಹೋಗಿ ಡಬ್ಬಿ ಮುಂದೆ ಕೂತಿರುತ್ತಾಳೆ. ಮೊದಲು ಅವಳು ಏಳೋ ಹೊತ್ತಿಗಿಂತ ಸ್ವಲ್ಪ ಮುಂಚೆಗೇ ಇಟ್ಟು, ಆಮೇಲೆ ಕೆಲವು ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಮುಂದೆ ಹಾಕುತ್ತಾ ಬಂದೆ.

ಆದರೆ ನಮ್ಮ ಕೊಡಗಿನ ಮಳೆಗೆ ಅದನ್ನು ಮಾಡಿದವರು ಯೋಚನೆ ಮಾಡಿಲ್ಲ. ಜುಲೈನಲ್ಲಿ ಕಾಳು ಮೆತ್ತಗಾಗಿ ಡಬ್ಬಿಯ ಬಾಯಲ್ಲೇ ಅಂಟಿ ನಿಲ್ಲುತ್ತೆ. ಅದಕ್ಕೆ ಡಬ್ಬಿ ಪೂರ್ತಿ ತುಂಬಿಸೋದು ಬಿಟ್ಟೆ. ದಿನಕ್ಕೆ ಎಷ್ಟು ಬೇಕೋ ಅಷ್ಟೇ ಹಾಕಿ, ಉಳಿದದ್ದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಡೋದು. ಇರುವೆ ಕಾಟ ಬೇರೆ. ಫೀಡರನ್ನು ನೀರು ತುಂಬಿದ ಅಗಲ ತಟ್ಟೆಯಲ್ಲಿ ಒಂದು ಮಣೆ ಇಟ್ಟು ಅದರ ಮೇಲೆ ಕೂರಿಸಿದ್ದೇನೆ.

ಹಂಚಿನಮನೆ

ಮೇಷ್ಟ್ರೇ, ನಮ್ಮ ಕಡೆ ಗಾಳಿ ಮಳೆಗೆ ಕರೆಂಟ್ ಹೋದರೆ ಎರಡು ದಿನ ಬರೋದಿಲ್ಲ. ಆಗ?

ಗೋಣಿಕೊಪ್ಪ_ಮೇಷ್ಟ್ರು

ಕರೆಂಟು, ಸೆಲ್ ಎರಡರಲ್ಲೂ ನಡೆಯೋದನ್ನೇ ತಗೊಳ್ಳಿ. ಮೊಬೈಲ್ ಆ್ಯಪ್, ವೈಫೈ ಇಲ್ಲದಿದ್ದರೆ ಓಡೋದಿಲ್ಲ ಅನ್ನೋ ಥರದ್ದು ಬೇಡ. ನೆಟ್‌ವರ್ಕ್ ಕಥೆ ನಿಮಗೇ ಗೊತ್ತಲ್ಲ.

ಕುಶಾಲನಗರದಾಕೆ

ನನ್ನದು ಸ್ವಲ್ಪ ಬೇರೆ ಥರ. ನಮ್ಮ ಬೆಕ್ಕಿಗೆ 13 ವರ್ಷ. ಇಷ್ಟು ವರ್ಷ ಒಂದು ದಿನವೂ ಎಬ್ಬಿಸಿದವಳಲ್ಲ. ಇತ್ತೀಚೆಗೆ ರಾತ್ರಿ ಎರಡು ಮೂರಕ್ಕೆ ಎದ್ದು ಹಜಾರದ ಮಧ್ಯೆ ನಿಂತು ಜೋರಾಗಿ ಕೂಗುತ್ತಾಳೆ. ಹಾಕಿದ್ದೆಲ್ಲ ತಿಂತಾಳೆ, ಆದರೆ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತೆ. ಇದಕ್ಕೂ ಸುಮ್ನೆ ಮಲಗಿರೋ ಉಪಾಯ ಮಾಡಬೇಕಾ?

ಪಶುವೈದ್ಯ_ಬಿಡುವಿನಲ್ಲಿ

ಬೇಡ. ಮೇಲೆ ಬರೆದದ್ದು ಯಾವುದೂ ನಿಮ್ಮ ಬೆಕ್ಕಿಗೆ ಅಲ್ಲ. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಕಾಯಿಲೆ ಹುಡುಕಬೇಕು.

ತುಂಬಾ ತಿಂದೂ ಸಣ್ಣಗಾಗೋದು, ರಾತ್ರಿ ಕೂಗೋದು ಅಂದ್ರೆ ಥೈರಾಯ್ಡ್ ಜಾಸ್ತಿ ಆಗಿರಬಹುದು. ಸಕ್ಕರೆ ಕಾಯಿಲೆಯಲ್ಲೂ ಹೀಗೆ ಸೊರಗುತ್ತವೆ. ಕಿಡ್ನಿ ತೊಂದರೆಯಲ್ಲಿ ನೀರು ಕುಡಿಯೋದು, ಮೂತ್ರ ಎರಡೂ ಜಾಸ್ತಿ. ಬಿಪಿ ಏರಿದರೆ ಕಣ್ಣು ಹೋಗೋದೂ ಉಂಟು, ಆಗ ಕತ್ತಲಲ್ಲಿ ದಿಕ್ಕು ತೋಚದೆ ಕೂಗುತ್ತವೆ. ಮನುಷ್ಯರ ಹಾಗೆ ಮುಪ್ಪಿನ ಮರೆವೂ ಬರುತ್ತೆ. ನೀರಿನ ಬಟ್ಟಲು ಎಷ್ಟು ಬೇಗ ಖಾಲಿ ಆಗುತ್ತೆ ಅಂತ ಗಮನಿಸಿ, ಕೂಗೋದನ್ನು ಒಂದು ವಿಡಿಯೋ ಮಾಡಿಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಪರೀಕ್ಷೆಯನ್ನೂ ಸೇರಿಸಿ ಅಂತ ಕೇಳಿ.

ತೋಟದ_ಹುಡುಗ (ಸುಂಟಿಕೊಪ್ಪ)

ನಮ್ಮದು ಏಳು ತಿಂಗಳ ಹೆಣ್ಣು. ರಾತ್ರಿಯಿಡೀ ನೆಲದ ಮೇಲೆ ಉರುಳಾಡಿ ವಿಚಿತ್ರವಾಗಿ ಕೂಗುತ್ತೆ. ಬೆನ್ನು ಮುಟ್ಟಿದರೆ ಹಿಂದೆ ಎತ್ತಿ ನಿಲ್ಲುತ್ತೆ. ಹೊಟ್ಟೆನೋವಾ?

ನೈಟ್‌ಶಿಫ್ಟ್

ಬೆದೆ ತಮ್ಮಾ! ಹೊಟ್ಟೆನೋವಲ್ಲ. ಗಂಡು ಸೇರದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಶುರು. ಸೇರಿದರೆ ಎರಡು ತಿಂಗಳಿಗೆ ಮರಿ. ಆಪರೇಷನ್ ಮಾಡಿಸು.

ಪಶುವೈದ್ಯ_ಬಿಡುವಿನಲ್ಲಿ

ಹೌದು. ಇನ್ನೊಂದು, ಇದನ್ನು ಓದುವ ಎಲ್ಲರಿಗೂ: ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು, ಮುಕ್ಕರಿದು, ಏನೂ ಬಾರದೆ ಕೂಗಿದರೆ ಅದು ತುರ್ತು. ಬೆಳಗಾಗಲಿ ಅಂತ ಕಾಯಬೇಡಿ, ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗುತ್ತೆ.

ಕಕ್ಕಬ್ಬೆ_ಕಾಡು

ಹಂಚಿನಮನೆಯವರೇ, ನಿಮ್ಮ ಮಲಗೋ ಕೋಣೆ ಮೇಲೆ ಗಾಜಿನ ಹಂಚು ಇದೆಯಾ? ಇದ್ದರೆ ಅದೂ ಒಂದು ಕಾರಣ. ಬೆಳಕು ಹರಿಯೋ ಮುಂಚಿನ ಮಬ್ಬು ಬೆಳಕೂ ಅಲ್ಲಿಂದ ನೇರ ಒಳಗೆ ಬರುತ್ತೆ. ನಮ್ಮ ಕಡೆ ಜೂನ್‌ನಲ್ಲಿ ಆರರ ಸುಮಾರಿಗೆ ಸೂರ್ಯ ಬಂದರೆ ಜನವರಿಯಲ್ಲಿ ಹೆಚ್ಚುಕಮ್ಮಿ ಏಳು ಆಗುತ್ತೆ. ನಮ್ಮ ಬೆಕ್ಕು ಅದಕ್ಕೆ ಸರಿಯಾಗಿ ಹಿಂದೆ ಮುಂದೆ ಆಗೋದನ್ನು ನೋಡಿದ್ದೇನೆ. ನಾಲ್ಕಕ್ಕೆ ಅಂದ್ರೆ ಬೆಳಕಲ್ಲ ಬಿಡಿ, ಅಟ್ಟದ ಮೇಲೆ ಇಲಿ ಇರಬೇಕು. ನಮಗೆ 20 ಕಿಲೋಹರ್ಟ್ಜ್ ದಾಟಿದ ಸದ್ದು ಕೇಳೋದಿಲ್ಲ. ಬೆಕ್ಕಿಗೆ 60 ದಾಟಿದರೂ ಕೇಳುತ್ತೆ, ಇಲಿಗಳು ತಮ್ಮೊಳಗೆ ಕಿಚಗುಟ್ಟೋದು ಎಷ್ಟೋ ಸಲ ನಮಗೆ ಕೇಳದ ಆ ಸದ್ದಲ್ಲೇ. ಬೆಳಗಿನ ಜಾವ ಸೀಟಿ ಹೊಡೆಯೋ ಆ ನೀಲಿ ಹಕ್ಕಿಗೂ ಮಳೆಗಾಲವೇ ಹಾಡುವ ಕಾಲ, ಅದಕ್ಕೆ ನಾವೇ ಏಳುತ್ತೇವೆ, ಬೆಕ್ಕು ಬಿಡುತ್ತಾ?

ಹಂಚಿನಮನೆ

ಇದೆ, ಮಂಚದ ಸರಿ ಮೇಲೆ ಒಂದು ಗಾಜಿನ ಹಂಚು. ಅಟ್ಟದಲ್ಲಿ ಇಲಿ ಓಡಾಡೋದೂ ನಿಜ. ಮಳೆ ಒಂದು ಗಳಿಗೆ ಬಿಟ್ಟರೆ ಹತ್ತಿ ನೋಡ್ತೀನಿ.

ಈಗಿನ ಸಮಾಚಾರ. ರಾತ್ರಿ ಊಟ ಹತ್ತೂವರೆಗೆ ಹಾಕುತ್ತಿದ್ದೇನೆ. ಗರಿ ಆಟವೂ ಶುರುವಾಗಿದೆ. ಬೆಳಗ್ಗೆ ಸ್ನಾನ ಆಗೋವರೆಗೆ ತಟ್ಟೆ ಮುಟ್ಟೋದಿಲ್ಲ. ಡಾಕ್ಟರು ಹೇಳಿದ ಹಾಗೆ ಮೊದಲು ಗಲಾಟೆ ಜಾಸ್ತಿಯಾಯಿತು, ಕೂದಲು ಹಿಡಿದು ಎಳೆದ. ಸುಮ್ನೆ ಮಲಗಿದ್ದೆ. ಕಡಿಮೆಯಾಗುತ್ತೆ ಅಂದುಕೊಂಡರೆ ಆಗ್ತಾನೇ ಇಲ್ಲ. ಕೊನೆಗೆ ಗೊತ್ತಾಯ್ತು. ನಾನು ಏಳದಿದ್ದರೆ ಕರಿಯ ಅವ್ವನ ಕೋಣೆಗೆ ಹೋಗ್ತಾನೆ. ಅವ್ವ ನಾಲ್ಕೂವರೆಗೆ ಬಚ್ಚಲೊಲೆಗೆ ಬೆಂಕಿ ಹಾಕೋಕೆ ಏಳ್ತಾರೆ. ಸೆರಗಿನ ಮರೆಯಲ್ಲಿ ಮೀನಿನ ತಲೆ ತಂದು ಹಾಕ್ತಾರೆ! ಕೇಳಿದರೆ "ಪಾಪ, ಹಸಿದುಕೊಂಡು ಬರ್ತದೆ, ನಿನಗೇನು ಕಷ್ಟ?" ಅಂತಾರೆ. ಎಂಬತ್ತು ದಾಟಿದ ಅವ್ವನಿಗೆ ನಾನು ಏನು ಹೇಳಲಿ?

ಹೋಂಸ್ಟೇ_ಅಮ್ಮಣ್ಣಿ

ಬೇಡ ಅಂದ್ರೆ ಕೇಳೋದಿಲ್ಲ. ರಾತ್ರಿ ಊಟ ಹಾಕೋ ಕೆಲಸ ಅವರಿಗೇ ಕೊಟ್ಟುಬಿಡಿ. "ಅವ್ವ, ನಿಮ್ಮ ಕೈಯಿಂದ ಹಾಕಿದರೆ ಮಾತ್ರ ತಿಂತಾನೆ" ಅನ್ನಿ. ಆ ಮೀನಿನ ತಲೆ ರಾತ್ರಿಗೆ ಹೋಗಲಿ.

ನೈಟ್‌ಶಿಫ್ಟ್

ಅಮ್ಮಣ್ಣಿ ಹೇಳಿದ್ದು ಸರಿ. ಮನೆಯಲ್ಲಿ ಒಬ್ಬರು ಹಾಕಿದರೂ ಅಷ್ಟೇ, ಬೇರೆಯವರ ಶ್ರಮ ಎಲ್ಲ ನೀರಲ್ಲಿ ಹೋಮ. ಅವರ ಮೈಗೆ ಆಗುತ್ತೆ ಅಂದ್ರೆ ಆಟ ಆಡಿಸೋದನ್ನೂ ಅವರಿಗೇ ಬಿಡಿ, ಕೂತಲ್ಲಿಂದಲೇ ಗರಿ ಎಳೆಯಬಹುದು.

ಕುಶಾಲನಗರದಾಕೆ

ಡಾಕ್ಟ್ರೇ, ರಕ್ತ ಪರೀಕ್ಷೆ ಆಯ್ತು. ಥೈರಾಯ್ಡೇ. ಕಿಡ್ನಿ ಸದ್ಯಕ್ಕೆ ಪರವಾಗಿಲ್ಲ ಅಂದರು. ಮಾತ್ರೆ ಶುರು ಮಾಡಿದ್ದಾರೆ. ಮೀನಿನ ತುಂಡಲ್ಲಿ ಸೇರಿಸಿ ಕೊಟ್ಟರೆ ಮೀನು ತಿಂದು ಮಾತ್ರೆ ಉಗುಳುತ್ತಾಳೆ, ಅದೊಂದು ಹೋರಾಟ.

ಪಶುವೈದ್ಯ_ಬಿಡುವಿನಲ್ಲಿ

ಮಾತ್ರೆ ಇಲ್ಲದ ಎರಡು ತುಂಡು ಮೊದಲು ಕೊಡಿ, ಮೂರನೆಯದರಲ್ಲಿ ಮಾತ್ರೆ, ಕಾಣೋ ಹಾಗೆ ನಾಲ್ಕನೆಯದು ಕೈಯಲ್ಲಿ ಹಿಡಿದಿರಿ. ಅದರ ಆಸೆಗೆ ಮೂರನೆಯದನ್ನು ಬೇಗ ನುಂಗುತ್ತಾಳೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕಿಡ್ನಿ ಪರೀಕ್ಷೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಕಿಡ್ನಿ ತೊಂದರೆ ಹೊರಗೆ ಕಾಣಿಸೋದುಂಟು.

ಹಂಚಿನಮನೆ

ಅವ್ವ ಒಪ್ಪಿದರು. ಆದರೆ ಷರತ್ತು, ನಾನೂ ರಾತ್ರಿ ಟಿವಿ ಬಿಟ್ಟು ಪಕ್ಕ ಕೂರಬೇಕಂತೆ. ಈಗ ಕರಿಯ ನಾಲ್ಕಕ್ಕೆ ಏಳುತ್ತಾನೆ, ಓಡಾಡ್ತಾನೆ, ಸದ್ದು ಕೇಳುತ್ತೆ. ಮೈ ಮೇಲೆ ಹತ್ತೋದು ಮಾತ್ರ ಐದೂಮುಕ್ಕಾಲಿನ ಮೇಲೆ. ಅದು ನನಗೆ ನಡೆಯುತ್ತೆ. ಬಾಗಿಲು ಕೆರೆಯೋದು ಇನ್ನೂ ಇದೆ.

ರೊಬಸ್ಟಾ

ಹಳೇ ಕಾಫಿ ಗೋಣಿಚೀಲ ಇದೆ ಅಲ್ವಾ ಅಣ್ಣ, ಅದನ್ನು ಒಂದು ಹಲಗೆಗೆ ಬಿಗಿಯಾಗಿ ಸುತ್ತಿ ಮೊಳೆ ಹೊಡೆದು ಬಾಗಿಲ ಪಕ್ಕ ನಿಲ್ಲಿಸಿ. ಗೋಡೌನ್‌ನಲ್ಲಿ ನಮ್ಮದು ಮರ ಮುಟ್ಟೋದಿಲ್ಲ, ಚೀಲವನ್ನೇ ಹರಿಯೋದು. ಹಲಗೆ ಅಲ್ಲಾಡಬಾರದು, ಬೆಕ್ಕು ನೆಟ್ಟಗೆ ನಿಂತು ಮೈ ಚಾಚುವಷ್ಟು ಎತ್ತರ ಇರಬೇಕು.

ಹಂಚಿನಮನೆ

ಚೀಲಕ್ಕೇನು, ಬೇಕಾದಷ್ಟಿದೆ. ಮೇಷ್ಟ್ರೇ, ಒಂದು ಫೀಡರನ್ನೂ ತರಿಸೋಣ ಅಂತಿದ್ದೇನೆ, ಪುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲ ಮನೆಗೆ, ಹೋದರೆ ಬೇಕಾಗುತ್ತೆ. ಎರಡು ಬೆಕ್ಕಿಗೆ ಒಂದು ಸಾಕಾ? ಕರಿಯ ಚಿನ್ನಿಯದ್ದನ್ನೂ ಮುಗಿಸಿಬಿಡ್ತಾನೆ.

ಗೋಣಿಕೊಪ್ಪ_ಮೇಷ್ಟ್ರು

ಹಾಗಿದ್ದರೆ ಎರಡು ಬೇಕು, ಬೇರೆ ಬೇರೆ ಕೋಣೆಯಲ್ಲಿ. ಎರಡಕ್ಕೂ ಒಂದೇ ಟೈಮ್ ಇಡಿ, ಇಲ್ಲಾಂದ್ರೆ ಮೊದಲು ಒಂದರ ಹತ್ತಿರ, ಆಮೇಲೆ ಇನ್ನೊಂದರ ಹತ್ತಿರ ಓಡ್ತಾನೆ. ಇಡೀ ದಿನ ಮನೆಯಲ್ಲಿ ಯಾರೂ ಇರೋದಿಲ್ಲ ಅಂದ್ರೆ ಫೀಡರ್ ನಂಬಿ ಹೋಗಬೇಡಿ, ತೋಟದ ಕೆಲಸದವರ ಲೈನ್ ಮನೆಯವರಿಗೆ ಒಂದು ಸಲ ಬಂದು ನೋಡೋಕೆ ಹೇಳಿ. ಸೆಲ್ ಹೊಸದು ಹಾಕಿ.